ಕಾಮಾಕ್ಷಿಪಾಳ್ಯದ ಲೇತ್ ಮತ್ತು ಕನ್ನಡಿರಹಿತ ಕ್ಯಾಮೆರಾ: ಮಿತವ್ಯಯದ ಸಮೀಪ ಛಾಯಾಗ್ರಹಣ

ಪೀಠಿಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಾಗಡಿ ರಸ್ತೆಗೆ ಹೊಂದಿಕೊಂಡಿರುವ ಕಾಮಾಕ್ಷಿಪಾಳ್ಯವು ಸಣ್ಣ ಕೈಗಾರಿಕೆಗಳ ನೆಲೆಯೆಂದು ಹೆಸರಾಗಿದೆ. ಲೇತ್, ಮಿಲ್ಲಿಂಗ್ ಮತ್ತು ಡ್ರಿಲ್ಲಿಂಗ್ ಯಂತ್ರಗಳ ಕಾರ್ಯಾಗಾರಗಳು, ಅಚ್ಚು ತಯಾರಿಸುವ ಘಟಕಗಳು, ಲೋಹಕ್ಕೆ ಲೇಪನ ಹಾಕುವ ಘಟಕಗಳು ಇಲ್ಲಿನ ಅಡ್ಡರಸ್ತೆಗಳಲ್ಲಿ ಒತ್ತೊತ್ತಾಗಿವೆ. ಇಲ್ಲಿಂದ ಅಷ್ಟೇನೂ ದೂರವಲ್ಲದ ವೃಷಭಾವತಿ ಕಣಿವೆಯಲ್ಲಿ, ಸಾವಿರ ಎಕರೆಗೂ ಮಿಗಿಲಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಒಂದು ಕಡೆ ಲೋಹ ಕಡೆಯುವ ಯಂತ್ರಗಳು, ಇನ್ನೊಂದು ಕಡೆ ಕೀಟಗಳು ವಾಸಿಸುವ ಗಿಡಮರಗಳು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಸಣ್ಣ ವಸ್ತುಗಳ ಛಾಯಾಚಿತ್ರ ತೆಗೆಯಲು ಬೇಕಾದ ಸಾಧನಗಳ ರಚನೆಯನ್ನು ಪರಿಶೀಲಿಸಿದಾಗ ಇವುಗಳ ನಡುವಿನ ನಂಟು ತಿಳಿದುಬರುತ್ತದೆ.

ಮಾವು, ಹೊಂಗೆ ಮೊದಲಾದ ಮರಗಳ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಜಿಗ ಅಥವಾ ಚಿಗಳಿ ಇರುವೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಅದೇ ಮರದ ಮೇಲೆ, ಅದೇ ಬಣ್ಣದ, ಅದೇ ಗಾತ್ರದ ಮತ್ತೊಂದು ಜೀವಿಯೂ ಓಡಾಡುತ್ತಿರಬಹುದು. ವೈಜ್ಞಾನಿಕವಾಗಿ ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್ ಎಂದು ಕರೆಯಲಾಗುವ ಅದು ಇರುವೆಯಲ್ಲ, ಇರುವೆಯ ವೇಷ ತೊಟ್ಟ ಜೇಡ. ಅದು ತನ್ನ ಮುಂಗಾಲುಗಳನ್ನು ಎತ್ತಿ ಮೀಸೆಗಳಂತೆ ಆಡಿಸುತ್ತದೆ. ಗಂಡು ಜೇಡದ ಮುಂಚಾಚಿದ ದವಡೆಗಳು, ಇರುವೆಯೊಂದು ಬಾಯಲ್ಲಿ ಏನನ್ನೋ ಹೊತ್ತು ಸಾಗುತ್ತಿರುವಂತೆ ಭ್ರಮೆ ಹುಟ್ಟಿಸುತ್ತವೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಈ ಜೀವಿಯ ಎಂಟು ಕಾಲುಗಳನ್ನೂ ಎಂಟು ಕಣ್ಣುಗಳನ್ನೂ ಎಣಿಸಲು ಬರಿಗಣ್ಣಿಗೆ ಕಷ್ಟ. ಸಾಮಾನ್ಯ ಛಾಯಾಚಿತ್ರದಲ್ಲಿ ಅದು ಒಂದು ಕೆಂಪು ಚುಕ್ಕೆಯಷ್ಟೆ. ಇದು ಇರುವೆಯೋ ಜೇಡವೋ ಎಂಬ ಪ್ರಶ್ನೆಗೆ ಚಿತ್ರದಿಂದಲೇ ಉತ್ತರ ಸಿಗಬೇಕಾದರೆ ಸಮೀಪ ಛಾಯಾಗ್ರಹಣವು ಅನಿವಾರ್ಯ.

ಮ್ಯಾಕ್ರೋ ಎಂದು ರೂಢಿಯಲ್ಲಿರುವ ಈ ಕ್ಷೇತ್ರವು ದುಬಾರಿಯೆಂಬ ಅಭಿಪ್ರಾಯವು ವ್ಯಾಪಕವಾಗಿದೆ. ಇದಕ್ಕೆಂದೇ ತಯಾರಾದ ಹೊಸ ಲೆನ್ಸಿಗೆ ಹಲವು ಹತ್ತು ಸಾವಿರ ರೂಪಾಯಿಗಳನ್ನು ತೆರಬೇಕಾಗುವುದರಿಂದ ಈ ಅಭಿಪ್ರಾಯಕ್ಕೆ ಆಧಾರವಿಲ್ಲವೆಂದು ಹೇಳಲಾಗದು. ಆದರೆ ವರ್ಧನೆಯ ಮೂಲತತ್ತ್ವವು ಲೆನ್ಸ್ ಮತ್ತು ಸಂವೇದಕದ ನಡುವಿನ ಅಂತರದಲ್ಲಿದೆ, ಆ ಅಂತರವನ್ನು ತುಂಬುವುದು ಒಂದು ಟೊಳ್ಳು ಕೊಳವೆ ಮಾತ್ರ. ಈ ಸಂಗತಿಯನ್ನು ಆಧಾರವಾಗಿಟ್ಟುಕೊಂಡು, ಕಡಿಮೆ ವೆಚ್ಚದಲ್ಲಿ ವಿಶ್ವಾಸಾರ್ಹ ಚಿತ್ರಗಳನ್ನು ಪಡೆಯುವ ಮಾರ್ಗಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಪರಿಕಲ್ಪನೆ ಮತ್ತು ಹಿನ್ನೆಲೆ

ವಸ್ತುವಿನ ನಿಜಗಾತ್ರಕ್ಕೂ ಸಂವೇದಕದ ಮೇಲೆ ಮೂಡುವ ಅದರ ಬಿಂಬದ ಗಾತ್ರಕ್ಕೂ ಇರುವ ಅನುಪಾತವೇ ವರ್ಧನೆ. 10 ಮಿ.ಮೀ. ಉದ್ದದ ಇರುವೆಯ ಬಿಂಬವು ಸಂವೇದಕದ ಮೇಲೂ 10 ಮಿ.ಮೀ. ಇದ್ದರೆ ವರ್ಧನೆ 1, ಅಂದರೆ ಪೂರ್ಣಗಾತ್ರ. 5 ಮಿ.ಮೀ. ಇದ್ದರೆ ಅರ್ಧಗಾತ್ರ. ಸಾಮಾನ್ಯವಾಗಿ ಪೂರ್ಣಗಾತ್ರದ ಬಿಂಬವನ್ನು ನೀಡಬಲ್ಲ ಲೆನ್ಸನ್ನು ಮ್ಯಾಕ್ರೋ ಲೆನ್ಸ್ ಎಂದು ಗುರುತಿಸಲಾಗುತ್ತದೆ.

ಈ ಬಗೆಯ ಲೆನ್ಸಿನ ಚರಿತ್ರೆಯಲ್ಲಿ ಗ್ರಂಥಾಲಯಗಳಿಗೂ ಒಂದು ಸ್ಥಾನವಿದೆ. ಇಂದು ನಿಕಾನ್ ಎಂಬ ಹೆಸರಿನ ಜಪಾನಿನ ನಿಪ್ಪಾನ್ ಕೊಗಾಕು ಸಂಸ್ಥೆಯು 1956ರಲ್ಲಿ 50 ಮಿ.ಮೀ. ಸಂಗಮದೂರದ ಮೈಕ್ರೋ ನಿಕ್ಕೋರ್ ಲೆನ್ಸನ್ನು ಹೊರತಂದಿತು. ಅದರ ಉದ್ದೇಶ ಹೂವು ಅಥವಾ ಕೀಟಗಳ ಚಿತ್ರಣವಾಗಿರಲಿಲ್ಲ. ಜಪಾನಿ ಬರಹದ ಜಟಿಲ ಅಕ್ಷರಗಳನ್ನು ಮೈಕ್ರೋಫಿಲ್ಮಿನ ಮೇಲೆ ಸ್ಫುಟವಾಗಿ ದಾಖಲಿಸುವ ಅಗತ್ಯವೇ ಅದರ ಹುಟ್ಟಿಗೆ ಕಾರಣವಾಗಿತ್ತು. ಆದುದರಿಂದ ತಾಡವೋಲೆ, ನಾಣ್ಯ, ತಾಮ್ರಪಟಗಳ ಅಧ್ಯಯನದಲ್ಲಿ ತೊಡಗಿದವರಿಗೂ ಈ ವಿಷಯವು ಅನ್ಯವಾದುದಲ್ಲ.

ಕರ್ನಾಟಕದಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಸಮೃದ್ಧ ಪರಂಪರೆಯಿದೆ. ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ (1931–2011), ಟಿ.ಎನ್.ಎ. ಪೆರುಮಾಳ್ (1932–2017) ಮೊದಲಾದವರು ಈ ಕ್ಷೇತ್ರಕ್ಕೆ ಘನತೆ ತಂದರು. ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರು ಮೂಡಿಗೆರೆಯ ಪರಿಸರದಲ್ಲಿ ಹಕ್ಕಿಗಳ ಚಿತ್ರ ತೆಗೆಯುವುದರೊಂದಿಗೆ ಅವುಗಳ ಬಗ್ಗೆ ಕನ್ನಡದಲ್ಲಿ ಬರೆದರು. ಈ ಪರಂಪರೆಗೆ ಹೆಚ್ಚಿನ ಖ್ಯಾತಿ ತಂದುದು ವನ್ಯಮೃಗಗಳ ಮತ್ತು ಪಕ್ಷಿಗಳ ಚಿತ್ರಗಳು. ಅವುಗಳಿಗೆ ದೂರದ ಪ್ರಯಾಣವೂ ಉದ್ದದ ಲೆನ್ಸೂ ಬೇಕು. ಕೀಟಲೋಕವಾದರೋ ಮನೆಯ ಹಿತ್ತಲಿನಲ್ಲಿಯೇ ಇದೆ. ಅದನ್ನು ದಾಖಲಿಸಲು ಸಾಧನವೊಂದೇ ಅಡ್ಡಿಯಾಗಿದ್ದರೆ, ಆ ಅಡ್ಡಿಯು ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹ.

ಕನ್ನಡಿಯ ನಿರ್ಗಮನದಿಂದ ದೊರೆತ ಅವಕಾಶ

ಎಸ್.ಎಲ್.ಆರ್. ಮಾದರಿಯ ಕ್ಯಾಮೆರಾದಲ್ಲಿ ಲೆನ್ಸ್ ಮತ್ತು ಫಿಲ್ಮ್ ಅಥವಾ ಸಂವೇದಕದ ನಡುವೆ ಓರೆಯಾಗಿ ನಿಂತ ಕನ್ನಡಿಯೊಂದು ಇರುತ್ತದೆ. ಅದು ಮೇಲೆದ್ದು ಕೆಳಗಿಳಿಯಲು ಸ್ಥಳಾವಕಾಶ ಬೇಕಾದುದರಿಂದ ಲೆನ್ಸ್ ಕೂರುವ ಬಳೆಯು ಸಂವೇದಕದಿಂದ ಸಾಕಷ್ಟು ದೂರದಲ್ಲಿರಬೇಕಾಗುತ್ತದೆ. ಈ ದೂರವು ನಿಕಾನ್ ಎಫ್ ಜೋಡಣೆಯಲ್ಲಿ 46.5 ಮಿ.ಮೀ., ಹಳೆಯ ಎಂ 42 ತಿರುಪಿನ ಜೋಡಣೆಯಲ್ಲಿ 45.46 ಮಿ.ಮೀ., ಕ್ಯಾನನ್ ಇ.ಎಫ್. ಜೋಡಣೆಯಲ್ಲಿ 44 ಮಿ.ಮೀ. ಆಗಿದೆ.

2008ರಲ್ಲಿ ಪ್ಯಾನಾಸೋನಿಕ್ ಸಂಸ್ಥೆಯ ಲುಮಿಕ್ಸ್ ಜಿ 1 ಮಾರುಕಟ್ಟೆಗೆ ಬರುವುದರೊಂದಿಗೆ ಕನ್ನಡಿರಹಿತ ಕ್ಯಾಮೆರಾಗಳ ಯುಗವು ಆರಂಭವಾಯಿತು. 2010ರಲ್ಲಿ ಸೋನಿ, 2018ರಲ್ಲಿ ನಿಕಾನ್ ಝಡ್ ಮತ್ತು ಕ್ಯಾನನ್ ಆರ್ ಶ್ರೇಣಿಗಳು ಬಂದವು. ಕನ್ನಡಿ ಇಲ್ಲವಾದುದರಿಂದ ಮೇಲೆ ಹೇಳಿದ ದೂರವು ಬಹಳ ಕಡಿಮೆಯಾಯಿತು: ನಿಕಾನ್ ಝಡ್ 16, ಫ್ಯೂಜಿ ಎಕ್ಸ್ 17.7, ಸೋನಿ ಇ 18, ಮೈಕ್ರೋ ಫೋರ್ ಥರ್ಡ್ಸ್ 19.25, ಕ್ಯಾನನ್ ಆರ್.ಎಫ್. 20 ಮಿ.ಮೀ.

ಇದರ ಪರಿಣಾಮವು ಮಹತ್ತ್ವದ್ದು. ಹಳೆಯ ಎಂ 42 ಲೆನ್ಸನ್ನು ಸೋನಿ ಇ ಕ್ಯಾಮೆರಾಕ್ಕೆ ಜೋಡಿಸಲು 45.46ರಲ್ಲಿ 18 ಕಳೆದರೆ ಉಳಿಯುವ 27.46 ಮಿ.ಮೀ. ಉದ್ದದ ಕೊಳವೆಯೊಂದು ಸಾಕು. ಅದರೊಳಗೆ ಗಾಜಿಲ್ಲ, ಚಲಿಸುವ ಭಾಗವಿಲ್ಲ. ಅಡಾಪ್ಟರ್ ಎಂದು ಮಾರಲಾಗುವ ವಸ್ತುವು ಮೂಲತಃ ಇಷ್ಟೇ. ಫಿಲ್ಮ್ ಯುಗದ ಬಹುಪಾಲು ಲೆನ್ಸುಗಳು ಈ ರೀತಿಯಲ್ಲಿ ಮರುಜೀವ ಪಡೆಯಬಲ್ಲವು.

ಇದಲ್ಲದೆ, ಕನ್ನಡಿಯ ಬಡಿತದಿಂದ ಉಂಟಾಗುತ್ತಿದ್ದ ಕಂಪನವು ಇಲ್ಲಿಲ್ಲ. ಸಂವೇದಕದ ಮೇಲೆ ಬಿದ್ದ ಬಿಂಬವನ್ನೇ ಪರದೆಯ ಮೇಲೆ ಹಿಗ್ಗಿಸಿ ನೋಡಬಹುದು. ಸ್ಫುಟವಾದ ಅಂಚುಗಳನ್ನು ಬಣ್ಣದ ಗೆರೆಯಿಂದ ತೋರಿಸುವ ಫೋಕಸ್ ಪೀಕಿಂಗ್ ಸೌಲಭ್ಯವು ಕೈಯಿಂದ ಹೊಂದಿಸುವ ಹಳೆಯ ಲೆನ್ಸುಗಳಿಗೆ ವಿಶೇಷವಾಗಿ ಉಪಯುಕ್ತವಾಗಿದೆ.

ಮಿತವ್ಯಯದ ನಾಲ್ಕು ಮಾರ್ಗಗಳು

ಮೊದಲನೆಯದು ವಿಸ್ತರಣಾ ಕೊಳವೆ. ಲೆನ್ಸನ್ನು ಅನಂತ ದೂರಕ್ಕೆ ಹೊಂದಿಸಿದ್ದಾಗ, ಹೆಚ್ಚುವರಿ ಕೊಳವೆಯ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಕೊಳವೆ ಸೇರಿಸಿದರೆ ಅರ್ಧಗಾತ್ರ, 50 ಮಿ.ಮೀ. ಸೇರಿಸಿದರೆ ಪೂರ್ಣಗಾತ್ರ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಕಾಲದ ಲೆನ್ಸುಗಳ ದ್ಯುತಿರಂಧ್ರವು ವಿದ್ಯುತ್ ಸಂಪರ್ಕದಿಂದ ನಿಯಂತ್ರಿಸಲ್ಪಡುವುದರಿಂದ ಅವುಗಳಿಗೆ ಬರಿಯ ಕೊಳವೆ ಸಾಲದು, ಸಂಪರ್ಕಬಿಂದುಗಳಿರುವ ಕೊಳವೆಯೇ ಬೇಕು. ಅವು ಸಾಮಾನ್ಯವಾಗಿ 10 ಮತ್ತು 16 ಮಿ.ಮೀ. ಉದ್ದದ ಜೋಡಿಯಾಗಿ ದೊರೆಯುತ್ತವೆ. ದ್ಯುತಿರಂಧ್ರದ ಬಳೆಯು ಲೆನ್ಸಿನ ಮೇಲೆಯೇ ಇರುವ ಹಳೆಯ ಲೆನ್ಸುಗಳಿಗೆ ಈ ತೊಡಕಿಲ್ಲ.

ಎರಡನೆಯದು ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಪೂರಕ ಮಸೂರ, ಅಂದರೆ ಕ್ಲೋಸಪ್ ಲೆನ್ಸ್. ಕನ್ನಡಕದ ಗಾಜಿನಂತೆ ಇದರ ಶಕ್ತಿಯನ್ನು ಡಯಾಪ್ಟರುಗಳಲ್ಲಿ ಹೇಳಲಾಗುತ್ತದೆ. ಸಾವಿರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮಿ.ಮೀ. ಲೆಕ್ಕದಲ್ಲಿ ಸಂಗಮದೂರ ಸಿಗುತ್ತದೆ. 4 ಡಯಾಪ್ಟರಿನ ಮಸೂರದ ಸಂಗಮದೂರ 250 ಮಿ.ಮೀ. ಅದನ್ನು 50 ಮಿ.ಮೀ. ಲೆನ್ಸಿಗೆ ಹಾಕಿದರೆ ವರ್ಧನೆ ಕೇವಲ 0.2, 200 ಮಿ.ಮೀ. ಲೆನ್ಸಿಗೆ ಹಾಕಿದರೆ 0.8. ಆದುದರಿಂದ ಉದ್ದನೆಯ ಜೂಮ್ ಲೆನ್ಸ್ ಇದ್ದವರಿಗೆ ಇದು ಅತ್ಯಂತ ಸುಲಭವಾದ ಮಾರ್ಗ. ವಸ್ತುವಿನಿಂದ ಸುಮಾರು 25 ಸೆಂ.ಮೀ. ದೂರದಲ್ಲಿ ನಿಲ್ಲಬಹುದಾದ್ದರಿಂದ ಚಿಟ್ಟೆಗಳು ಬೆದರುವುದೂ ಕಡಿಮೆ. ಒಂದೇ ಗಾಜಿನ ಅಗ್ಗದ ಮಸೂರಗಳು ಅಂಚಿನಲ್ಲಿ ಬಣ್ಣದ ಗೆರೆಗಳನ್ನು ಮೂಡಿಸುತ್ತವೆ. ಎರಡು ಗಾಜುಗಳನ್ನು ಅಂಟಿಸಿದ ಅವರ್ಣಕ ಮಸೂರವು ಸ್ವಲ್ಪ ದುಬಾರಿಯಾದರೂ ಉತ್ತಮ.

ಮೂರನೆಯದು ಲೆನ್ಸನ್ನು ಹಿಂದುಮುಂದಾಗಿಸುವ ವಿಧಾನ. ಎಸ್.ಎಲ್.ಆರ್. ಕ್ಯಾಮೆರಾದ ಮೇಲೆ 28 ಮಿ.ಮೀ. ಲೆನ್ಸನ್ನು ತಿರುಗಿಸಿ ಹಾಕಿದರೆ ಸುಮಾರು ಎರಡು ಪಟ್ಟು ವರ್ಧನೆ ದೊರೆಯುತ್ತದೆಂಬುದು ಅನುಭವಸಿದ್ಧ. ಕನ್ನಡಿರಹಿತ ಕ್ಯಾಮೆರಾದ ಮೇಲೆ ಅದೇ ಬಳೆಯನ್ನು ನೇರವಾಗಿ ಹಾಕಿದಾಗ ಈ ಫಲ ಸಿಗುವುದಿಲ್ಲ. ಲೆನ್ಸು ಸಂವೇದಕಕ್ಕೆ ಸುಮಾರು 27 ಮಿ.ಮೀ. ಹತ್ತಿರವಾಗುವುದರಿಂದ, 27ನ್ನು 28ರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚುಕಡಿಮೆ 1ರಷ್ಟು, ವರ್ಧನೆ ಇಳಿಯುತ್ತದೆ. ಹಿಂದೆ ಒಂದು ಎಸ್.ಎಲ್.ಆರ್. ಅಡಾಪ್ಟರನ್ನು ಸೇರಿಸಿದರೆ ಕಳೆದುಹೋದ ದೂರವು ಮರಳಿ ದೊರೆಯುತ್ತದೆ. ಹಳೆಯ ಕೈಪಿಡಿಗಳನ್ನು ಅನುಸರಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ನಾಲ್ಕನೆಯದು ಎನ್‌ಲಾರ್ಜರ್ ಲೆನ್ಸಿನ ಮರುಬಳಕೆ. ಡಿಜಿಟಲ್ ಯುಗ ಬಂದ ಮೇಲೆ ಸ್ಟುಡಿಯೋಗಳ ಕತ್ತಲೆಕೋಣೆಗಳು ಮುಚ್ಚಿದವು, ಫಿಲ್ಮಿನಿಂದ ಕಾಗದಕ್ಕೆ ಚಿತ್ರವನ್ನು ಹಿಗ್ಗಿಸುತ್ತಿದ್ದ ಎನ್‌ಲಾರ್ಜರುಗಳು ಮೂಲೆಗೆ ಸೇರಿದವು. ಅವುಗಳ ಲೆನ್ಸುಗಳು ಹತ್ತಿರದ ಸಮತಲ ವಸ್ತುವಿಗೆಂದೇ ರೂಪಿತವಾದವು. ಮೂಲೆಯಿಂದ ಮೂಲೆಗೆ ಸಮನಾದ ಸ್ಫುಟತೆ ಅವುಗಳ ಗುಣ. ತಾಡವೋಲೆ, ನಾಣ್ಯ, ಅಂಚೆಚೀಟಿಗಳ ಚಿತ್ರಣಕ್ಕೆ ಇವು ಹೇಳಿ ಮಾಡಿಸಿದಂತಿವೆ. 50 ಮಿ.ಮೀ. ಎನ್‌ಲಾರ್ಜರ್ ಲೆನ್ಸಿನಿಂದ ಪೂರ್ಣಗಾತ್ರದ ಬಿಂಬ ಬೇಕಾದರೆ ಲೆನ್ಸು ಸಂವೇದಕದಿಂದ ಸಂಗಮದೂರದ ಎರಡರಷ್ಟು, ಅಂದರೆ ಸುಮಾರು 100 ಮಿ.ಮೀ. ದೂರದಲ್ಲಿರಬೇಕು. ಅದಕ್ಕಿಂತ ಹೆಚ್ಚಿನ ವರ್ಧನೆಗೆ ಲೆನ್ಸನ್ನು ತಿರುಗಿಸಿ ಹಾಕುವುದು ಒಳಿತು.

ಲೇತ್ ಕಾರ್ಯಾಗಾರದ ಪಾತ್ರ

ಮೇಲಿನ ಮಾರ್ಗಗಳಲ್ಲಿ ಪೂರಕ ಮಸೂರವೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಕೊಳವೆ ಮತ್ತು ಬಳೆಗಳೇ ಆಧಾರ. 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಮೊದಲಾದ ಸಂಸ್ಥೆಗಳಿಂದ ಬೆಂಗಳೂರಿನಲ್ಲಿ ಬೆಳೆದ ಯಂತ್ರೋಪಕರಣ ಕೌಶಲವು ಕಾಮಾಕ್ಷಿಪಾಳ್ಯದಂತಹ ಪ್ರದೇಶಗಳ ಒಂದೆರಡು ಯಂತ್ರಗಳ ಕಾರ್ಯಾಗಾರಗಳಲ್ಲಿಯೂ ನೆಲೆಗೊಂಡಿದೆ. ಪೈಪು, ಬುಷ್‌ಗಳನ್ನು ಕಡೆದುಕೊಡುವ ಟರ್ನರಿಗೆ ವಿಸ್ತರಣಾ ಕೊಳವೆಯು ಕಠಿಣವಾದ ಕೆಲಸವಲ್ಲ. ಆದರೆ ಅವನಿಗೆ ನೀಡಬೇಕಾದ ಅಳತೆಗಳು ಸ್ಪಷ್ಟವಾಗಿರಬೇಕು.

ಕ್ಯಾಮೆರಾದ ಬದಿಯ ಬೆಯೊನೆಟ್ ಜೋಡಣೆ, ಅಂದರೆ ತೂರಿಸಿ ತಿರುಗಿಸುವ ಹಲ್ಲುಗಳ ಬಳೆ, ಲೇತಿನಲ್ಲಿ ಸುಲಭವಾಗಿ ಆಗುವಂತಹುದಲ್ಲ. ಆದುದರಿಂದ ಎಂ 42 ಲೆನ್ಸಿಗೆ ಹೊಂದುವ ಸಿದ್ಧ ಅಡಾಪ್ಟರೊಂದನ್ನು ಕೊಂಡು, ಅದರ ಮುಂದಿನ ಕೊಳವೆಗಳನ್ನಷ್ಟೇ ಮಾಡಿಸುವುದು ವಿವೇಕಯುತ. ಎಂ 42ರ ತಿರುಪು 42 ಮಿ.ಮೀ. ವ್ಯಾಸದ್ದು, ಅದರ ಸುತ್ತುಗಳ ನಡುವಿನ ಅಂತರ 1 ಮಿ.ಮೀ. ಒಂದು ತುದಿಗೆ ಒಳ ತಿರುಪು, ಇನ್ನೊಂದು ತುದಿಗೆ ಹೊರ ತಿರುಪು ಇದ್ದರೆ ಕೊಳವೆಗಳನ್ನು ಒಂದಕ್ಕೊಂದು ಸೇರಿಸುತ್ತ ಹೋಗಬಹುದು. ಎನ್‌ಲಾರ್ಜರ್ ಲೆನ್ಸುಗಳಲ್ಲಿ ಸಾಮಾನ್ಯವಾದ ತಿರುಪು 39 ಮಿ.ಮೀ. ವ್ಯಾಸದ್ದಾದರೂ ಅದರ ಸುತ್ತುಗಳು ಅಂಗುಲಕ್ಕೆ 26. ಮಿಲಿಮೀಟರಿನ ಲೆಕ್ಕದಲ್ಲಿ ಕಡೆದರೆ ಒಂದೆರಡು ಸುತ್ತಿನ ನಂತರ ಅದು ಕಚ್ಚಿಕೊಂಡು ನಿಲ್ಲುತ್ತದೆ. ಲೆನ್ಸನ್ನೇ ಕಾರ್ಯಾಗಾರಕ್ಕೆ ಒಯ್ದು ತೋರಿಸುವುದು ಕ್ಷೇಮ.

ಈ ಕೆಲಸದಲ್ಲಿ ಯಾವ ಅಳತೆ ಕಟ್ಟುನಿಟ್ಟಾಗಿರಬೇಕು, ಯಾವುದರಲ್ಲಿ ಸಡಿಲಿಕೆ ಇರಬಹುದು ಎಂಬುದು ಮುಖ್ಯ. ಅನಂತ ದೂರದ ದೃಶ್ಯಕ್ಕೆ ಬಳಸುವ ಅಡಾಪ್ಟರಿನ ಉದ್ದವು ಕರಾರುವಾಕ್ಕಾಗಿರಬೇಕು. ಆದರೆ ವಿಸ್ತರಣಾ ಕೊಳವೆಯ ಉದ್ದದಲ್ಲಿ ಅರ್ಧ ಮಿಲಿಮೀಟರಿನ ವ್ಯತ್ಯಾಸವಾದರೂ ಬಾಧಕವಿಲ್ಲ. ಕ್ಯಾಮೆರಾವನ್ನು ಹಿಂದೆಮುಂದೆ ಸರಿಸಿ ಸ್ಫುಟತೆಯನ್ನು ಹೊಂದಿಸಿಕೊಳ್ಳಬಹುದು. ಕೊಳವೆಯ ಎರಡೂ ತುದಿಗಳು ಪರಸ್ಪರ ಸಮಾಂತರವಾಗಿರುವುದು ಮಾತ್ರ ಕಡ್ಡಾಯ. ತುದಿ ಓರೆಯಾದರೆ ಲೆನ್ಸೂ ಓರೆಯಾಗಿ, ಚಿತ್ರದ ಒಂದು ಅಂಚು ಸ್ಫುಟವಾಗಿ ಮತ್ತೊಂದು ಅಂಚು ಮಸುಕಾಗುತ್ತದೆ.

ಲೋಹಕ್ಕೆ ಅಲ್ಯೂಮಿನಿಯಂ ಸಾಕು. ಕಪ್ಪು ಆನೊಡೈಸಿಂಗ್ ಮಾಡಿಸಿದ ಮೇಲೂ ನುಣುಪಾದ ಒಳಮೈ ಬೆಳಕನ್ನು ಪ್ರತಿಫಲಿಸಿ ಚಿತ್ರವನ್ನು ಮಂಕಾಗಿಸುತ್ತದೆ. ಆದ್ದರಿಂದ ಒಳಮೈಗೆ ಸಣ್ಣ ಗೀರುತಿರುಪು ಕೊಡಿಸಿ, ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುವುದು ಅಗತ್ಯ. ತಿರುಪಿನಲ್ಲಿ ಉಳಿದ ಲೋಹದ ಚೂರುಗಳು ಸಂವೇದಕದ ಮೇಲೆ ಬೀಳದಂತೆ ಕೊಳವೆಯನ್ನು ಸಾಬೂನು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿದ ನಂತರವೇ ಕ್ಯಾಮೆರಾಕ್ಕೆ ಜೋಡಿಸಬೇಕು.

ಆಳ, ಬೆಳಕು ಮತ್ತು ಸ್ಥಿರತೆ

ಕೊಳವೆಯಿಂದ ವರ್ಧನೆ ದೊರೆತರೂ ಅದರೊಂದಿಗೆ ಕೆಲವು ನಷ್ಟಗಳೂ ಬರುತ್ತವೆ. ಮೊದಲನೆಯದು ಬೆಳಕಿನ ನಷ್ಟ. ಲೆನ್ಸಿನ ಮೇಲೆ ಗುರುತಿಸಿದ ದ್ಯುತಿರಂಧ್ರದ ಸಂಖ್ಯೆಯನ್ನು, ವರ್ಧನೆಗೆ 1 ಕೂಡಿಸಿದ ಮೊತ್ತದಿಂದ ಗುಣಿಸಿದಾಗ ನಿಜವಾದ ಸಂಖ್ಯೆ ದೊರೆಯುತ್ತದೆ. ಪೂರ್ಣಗಾತ್ರದಲ್ಲಿ ಎಫ್ 8 ಎಂಬುದು ವಾಸ್ತವವಾಗಿ ಎಫ್ 16 ಆಗಿರುತ್ತದೆ, ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಎರಡನೆಯದು ಸ್ಫುಟತೆಯ ಆಳದ ನಷ್ಟ. ಎ.ಪಿ.ಎಸ್.ಸಿ. ಗಾತ್ರದ ಸಂವೇದಕದಲ್ಲಿ 0.02 ಮಿ.ಮೀ. ವ್ಯಾಸದವರೆಗಿನ ಮಸುಕನ್ನು ಒಪ್ಪಿಕೊಂಡರೆ, ಎಫ್ 8ರಲ್ಲಿ ಅರ್ಧಗಾತ್ರಕ್ಕೆ ಸುಮಾರು 1.9 ಮಿ.ಮೀ., ಪೂರ್ಣಗಾತ್ರಕ್ಕೆ 0.64 ಮಿ.ಮೀ., ಎರಡು ಪಟ್ಟಿಗೆ 0.24 ಮಿ.ಮೀ. ಆಳ ಮಾತ್ರ ದೊರೆಯುತ್ತದೆ. ಜೇಡದ ಕಣ್ಣು ಸ್ಫುಟವಾದರೆ ಕಾಲು ಮಸುಕಾಗುವುದು ಈ ಕಾರಣದಿಂದ. ರಂಧ್ರವನ್ನು ಇನ್ನಷ್ಟು ಕಿರಿದಾಗಿಸಿದರೆ ವಿವರ್ತನೆ ಅಡ್ಡಬರುತ್ತದೆ. ನಿಜವಾದ ಎಫ್ 16ರಲ್ಲಿಯೇ ಒಂದು ಬಿಂದುವಿನ ಬಿಂಬವು ಸುಮಾರು 0.021 ಮಿ.ಮೀ. ಅಗಲಕ್ಕೆ ಹರಡಿರುತ್ತದೆ. ಹಾಗಾಗಿ ಪೂರ್ಣಗಾತ್ರದಲ್ಲಿ ಲೆನ್ಸಿನ ಮೇಲಿನ ಎಫ್ 8ರ ಗುರುತನ್ನು ದಾಟದಿರುವುದು ಉಚಿತ.

ಅಚಲ ವಸ್ತುಗಳಿಗೆ ಇದರ ಪರಿಹಾರವೆಂದರೆ ಫೋಕಸ್ ಸ್ಟ್ಯಾಕಿಂಗ್, ಅಂದರೆ ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು ಅವುಗಳ ಸ್ಫುಟ ಭಾಗಗಳನ್ನು ಗಣಕದಲ್ಲಿ ಒಂದುಗೂಡಿಸುವುದು. ಹ್ಯೂಗಿನ್, ಎನ್‌ಫ್ಯೂಸ್ ಮೊದಲಾದ ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಕ್ಯಾಮೆರಾವನ್ನು ಸರಿಸಲು ಬೇಕಾದ ಜಾರುಪಟ್ಟಿಯೂ ಲೇತ್ ಕಾರ್ಯಾಗಾರದಲ್ಲಿ ಆಗುವಂತಹುದೇ. ಸಾಮಾನ್ಯ 6 ಮಿ.ಮೀ. ಬೋಲ್ಟಿನ ಸುತ್ತುಗಳ ಅಂತರ 1 ಮಿ.ಮೀ. ಆಗಿರುವುದರಿಂದ, ಅದನ್ನು ಅರ್ಧ ಸುತ್ತು ತಿರುಗಿಸಿದರೆ ಕ್ಯಾಮೆರಾ 0.5 ಮಿ.ಮೀ. ಸರಿಯುತ್ತದೆ. ಪೂರ್ಣಗಾತ್ರದಲ್ಲಿ ದೊರೆಯುವ 0.64 ಮಿ.ಮೀ. ಆಳಕ್ಕೆ ಇದು ಸರಿಹೊಂದುತ್ತದೆ. 4 ಮಿ.ಮೀ. ಆಳದ ವಸ್ತುವಿಗೆ ಎಂಟೊಂಬತ್ತು ಚಿತ್ರಗಳು ಸಾಕು.

ಚಲಿಸುವ ಕೀಟಕ್ಕೆ ಫ್ಲ್ಯಾಶ್ ಉತ್ತಮ. ಕಡಿಮೆ ಶಕ್ತಿಯಲ್ಲಿ ಅದರ ಮಿಂಚು ಸೆಕೆಂಡಿನ ಸಾವಿರಾರು ಭಾಗಗಳಲ್ಲೊಂದರಷ್ಟೇ ಕಾಲ ಇರುವುದರಿಂದ ಕೈಯ ಅಲುಗಾಟವೂ ಕೀಟದ ಚಲನೆಯೂ ಸ್ತಬ್ಧವಾಗುತ್ತವೆ. ಬಟರ್ ಪೇಪರನ್ನು ಬಾಗಿಸಿ ಫ್ಲ್ಯಾಶಿನ ಮುಂದೆ ಹಿಡಿದರೆ ಬೆಳಕು ಮೃದುವಾಗಿ, ಕೀಟದ ಹೊಳೆಯುವ ಮೈಮೇಲಿನ ಬಿಳಿ ಚುಕ್ಕೆಗಳು ತಗ್ಗುತ್ತವೆ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶುಗಳ ಸಂಪರ್ಕದಲ್ಲಿ ನೂರಾರು ವೋಲ್ಟ್ ಇರುವುದುಂಟು. ಅದನ್ನು ಅಳೆಯಿಸದೆ ಹೊಸ ಕ್ಯಾಮೆರಾಕ್ಕೆ ಜೋಡಿಸಿದರೆ ಕ್ಯಾಮೆರಾವೇ ಹಾಳಾಗಬಹುದು. ನಾಣ್ಯ ಮತ್ತು ತಾಮ್ರಪಟಗಳಿಗೆ ಒಂದೇ ಬದಿಯಿಂದ ಓರೆಯಾಗಿ ಬೀಳುವ ಬೆಳಕು ಸೂಕ್ತ. ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಮೂಡಿ ಓದು ಸುಲಭವಾಗುತ್ತದೆ.

ದಾಖಲೆಯ ಮೌಲ್ಯ

ಮನೆಯಲ್ಲಿ ಜೋಡಿಸಿದ ಸಾಧನದಿಂದ ತೆಗೆದ ಚಿತ್ರವು ಸಂಶೋಧನೆಗೆ ಅರ್ಹವೇ ಎಂಬ ಪ್ರಶ್ನೆ ಸಹಜ. ಚಿತ್ರದ ಅರ್ಹತೆ ಸಾಧನದ ಬೆಲೆಯಿಂದ ನಿರ್ಧಾರವಾಗುವುದಿಲ್ಲ, ಅದರೊಂದಿಗೆ ದಾಖಲಾದ ಮಾಹಿತಿಯಿಂದ ನಿರ್ಧಾರವಾಗುತ್ತದೆ. ಪ್ರತಿಯೊಂದು ಜೋಡಣೆಯಲ್ಲಿಯೂ ಮೊದಲು ಉಕ್ಕಿನ ಅಳತೆಪಟ್ಟಿಯ ಚಿತ್ರವನ್ನು ತೆಗೆದಿಡಬೇಕು. 23.5 ಮಿ.ಮೀ. ಅಗಲದ ಸಂವೇದಕದ ಚಿತ್ರದಲ್ಲಿ ಪಟ್ಟಿಯ 23.5 ಮಿ.ಮೀ. ಕಂಡರೆ ಪೂರ್ಣಗಾತ್ರ, 47 ಮಿ.ಮೀ. ಕಂಡರೆ ಅರ್ಧಗಾತ್ರ. ಈ ಒಂದು ಚಿತ್ರದ ಆಧಾರದಿಂದ ಅದೇ ಜೋಡಣೆಯ ಉಳಿದೆಲ್ಲ ಚಿತ್ರಗಳಲ್ಲಿಯೂ ಜೀವಿಯ ಗಾತ್ರವನ್ನು ಲೆಕ್ಕಹಾಕಬಹುದು.

ಹಳೆಯ ಲೆನ್ಸು ತನ್ನ ಹೆಸರನ್ನಾಗಲಿ ದ್ಯುತಿರಂಧ್ರವನ್ನಾಗಲಿ ಕ್ಯಾಮೆರಾಕ್ಕೆ ತಿಳಿಸುವುದಿಲ್ಲ. ಹಾಗಾಗಿ ದಿನಾಂಕ, ಸ್ಥಳ, ಆಶ್ರಯ ಸಸ್ಯ, ಲೆನ್ಸು, ಕೊಳವೆಯ ಉದ್ದ ಮುಂತಾದವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವುದು ಅವಶ್ಯಕ. ಜೀವಿಯನ್ನು ಬೆನ್ನಿನಿಂದ, ಪಕ್ಕದಿಂದ, ಮುಖದಿಂದ ಹೀಗೆ ಮೂರು ಕೋನಗಳಲ್ಲಿ ಚಿತ್ರಿಸಿದರೆ ಗುರುತಿಸುವವರಿಗೆ ಅನುಕೂಲ. ಹಾಗಿದ್ದರೂ ಅನೇಕ ಕೀಟಗಳ ಪ್ರಭೇದವನ್ನು ಚಿತ್ರದಿಂದಷ್ಟೇ ಖಚಿತಪಡಿಸಲಾಗದು. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂತಹ ಸಂಸ್ಥೆಗಳ ಮಾದರಿ ಸಂಗ್ರಹಗಳಿಗೆ ಛಾಯಾಚಿತ್ರವು ಪೂರಕವೇ ಹೊರತು ಪರ್ಯಾಯವಲ್ಲ. ಕೀಟವನ್ನು ನಿಶ್ಚಲಗೊಳಿಸಲು ಶೀತಪೆಟ್ಟಿಗೆಯಲ್ಲಿಡುವುದು, ಗೂಡನ್ನು ಕೀಳುವುದು ಮುಂತಾದ ಕ್ರಮಗಳು ಜೀವಿಗೂ ದಾಖಲೆಯ ನೈಜತೆಗೂ ಹಾನಿಕರ.

ಉಪಸಂಹಾರ

ಸಮೀಪ ಛಾಯಾಗ್ರಹಣದ ವೆಚ್ಚವನ್ನು ಹೆಚ್ಚಿಸುವುದು ಬಹುಮಟ್ಟಿಗೆ ಸ್ವಯಂಚಾಲಿತ ಸೌಲಭ್ಯಗಳೇ ಹೊರತು ವರ್ಧನೆಯಲ್ಲ ಎಂಬುದು ಮೇಲಿನ ವಿವೇಚನೆಯಿಂದ ವ್ಯಕ್ತವಾಗುತ್ತದೆ. ಹಳೆಯ 50 ಮಿ.ಮೀ. ಲೆನ್ಸು, ಒಂದು ಅಡಾಪ್ಟರ್, ಕಡೆಸಿದ ಎರಡು ಕೊಳವೆಗಳು, ಒಂದು ಫ್ಲ್ಯಾಶ್, ಬಟರ್ ಪೇಪರ್ ಮತ್ತು ಅಳತೆಪಟ್ಟಿ: ಕ್ಯಾಮೆರಾ ಇರುವ ವಿದ್ಯಾರ್ಥಿಗೆ ಇಷ್ಟು ಸಾಕು. ಇದಕ್ಕೆ ಪ್ರತಿಯಾಗಿ ಅವನು ತಾಳ್ಮೆಯನ್ನೂ ಲೆಕ್ಕಾಚಾರವನ್ನೂ ನೀಡಬೇಕಾಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದ ಹಸಿರು ತಾಣಗಳ ಸುತ್ತ ಕಟ್ಟಡಗಳು ಬೆಳೆಯುತ್ತಲೇ ಇವೆ. ಅಲ್ಲಿ ಉಳಿದಿರುವ ಒಂದು ಮರದ ಮೇಲೆ ಯಾವ ಇರುವೆ, ಯಾವ ಜೇಡ ಇತ್ತೆಂಬುದನ್ನು ಇಂದು ದಾಖಲಿಸದಿದ್ದರೆ, ಆ ಮರ ಹೋದ ಮೇಲೆ ತಿಳಿಯುವ ದಾರಿಯಿಲ್ಲ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳೂ ಹಸ್ತಪ್ರತಿ ಭಂಡಾರಗಳೂ ಸಮೀಪದ ಲೇತ್ ಕಾರ್ಯಾಗಾರಗಳ ನೆರವಿನಿಂದ ಇಂತಹ ಸರಳ ಸಾಧನಗಳನ್ನು ಸಿದ್ಧಪಡಿಸಿಕೊಂಡು, ತೆಗೆದ ಚಿತ್ರಗಳನ್ನು ಅಳತೆ ಮತ್ತು ಟಿಪ್ಪಣಿಗಳೊಂದಿಗೆ ಸಂರಕ್ಷಿಸುವ ಕಾರ್ಯವನ್ನು ಕೈಗೊಂಡರೆ ಮುಂದಿನ ಅಧ್ಯಯನಗಳಿಗೆ ಭದ್ರವಾದ ಆಕರವೊಂದು ದೊರೆತಂತಾಗುತ್ತದೆ.